ಒಂದೇ ಮಾಸ್ಕ್, ಎರಡು ಮಂಚ: ಗಾಳಿ ತಳ್ಳುವ ಮೆಷಿನ್ ಹೃದಯಕ್ಕೆ ಏನು ಮಾಡುತ್ತದೆ?

ಕೋಲಾರದ ಯಾವುದೇ ಆಸ್ಪತ್ರೆಯ ಐಸಿಯು ಮುಂದೆ ಒಂದು ರಾತ್ರಿ ಕಾಯಿರಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಆಕ್ಸಿಜನ್ ಹಾಕಿದ್ದಾರಂತೆ." ಮೂಗಿಗೆ ಸಣ್ಣ ಪೈಪ್ ಸಿಕ್ಕಿಸಿದರೂ ಅದೇ ಮಾತು. ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ, ಪಕ್ಕದಲ್ಲಿ ಮೆಷಿನ್ ಬುಸುಗುಡುತ್ತಿದ್ದರೂ ಅದೇ ಮಾತು. ಗಂಟಲೊಳಗೆ ಟ್ಯೂಬ್ ಇಳಿಸಿದ ಮೇಲೆ ಮಾತ್ರ ದನಿ ತಗ್ಗುತ್ತದೆ: "ವೆಂಟಿಲೇಟರ್ ಅಂತೆ, ಇನ್ನೇನು ಬಿಡಿ."

ನಾನೂ ಹಾಗೇ ಮಾತಾಡುತ್ತಿದ್ದವನು. ಚಿಕ್ಕಪ್ಪನ ಜೊತೆ ಒಂದು ಸಣ್ಣ ಐಸಿಯುನಲ್ಲಿ ಮೂರು ರಾತ್ರಿ ಕೂತ ಮೇಲೆ ಆ ಮಾತು ಬಿಟ್ಟೆ.

ಮೊದಲ ರಾತ್ರಿ ಪಕ್ಕದ ಮಂಚಕ್ಕೆ ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿಯನ್ನು ತಂದರು. ಮಲಗಲು ಆಗುತ್ತಿರಲಿಲ್ಲ. ಕೂತು, ಮುಂದಕ್ಕೆ ಬಾಗಿ, ಮೈಯೆಲ್ಲ ಬೆವರಿ ಏದುಸಿರು ಬಿಡುತ್ತಿದ್ದರು. ಬಾಯಲ್ಲಿ ನೊರೆ. ಬಿಪಿ 200 ದಾಟಿತ್ತು. ಹೃದಯ ಸೋತು ಶ್ವಾಸಕೋಶಕ್ಕೆ ನೀರು ತುಂಬಿಕೊಂಡಿದೆ ಎಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟು, ಬೈಪ್ಯಾಪ್ ಎಂಬ ಗಾಳಿ ತಳ್ಳುವ ಮೆಷಿನ್‌ನ ಮಾಸ್ಕ್ ಹಾಕಿದರು. ಅರ್ಧ ಗಂಟೆಯಲ್ಲಿ ಅಜ್ಜಿ ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. ನಾನು ಗಾಬರಿಯಾದೆ. ಸಿಸ್ಟರ್ ನಕ್ಕರು. "ನಿದ್ದೆ ಸಾರ್, ಎಷ್ಟು ದಿನದಿಂದ ಮಲಗಿಲ್ಲವೋ ಏನೋ."

ಬೆಳಗಿನ ಜಾವ ಚಿಕ್ಕಪ್ಪನಿಗೂ ಉಸಿರಾಟ ಜಾಸ್ತಿಯಾಯಿತು. ಅದೇ ತರಹದ ಮೆಷಿನ್, ಅದೇ ತರಹದ ಮಾಸ್ಕ್. ಹತ್ತು ನಿಮಿಷದಲ್ಲಿ 110 ಇದ್ದ ಬಿಪಿ 80ಕ್ಕೆ ಇಳಿಯಿತು. ಕೈಕಾಲು ತಣ್ಣಗಾದವು. ಸಿಸ್ಟರ್ ಅಲ್ಲೇ ಇದ್ದರು, ನೋಡಿದರು, ಡಾಕ್ಟರನ್ನು ಕೂಗಿದರು. ಮೆಷಿನ್‌ನ ಅಂಕಿ ಇಳಿಸಿದರು, ಸ್ವಲ್ಪ ಸ್ವಲ್ಪವಾಗಿ ಡ್ರಿಪ್ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಬಿಪಿ ಮೇಲೆ ಬಂತು.

ಒಬ್ಬರಿಗೆ ಜೀವ ಬಂದಂತಾದ ಮಾಸ್ಕ್ ಇನ್ನೊಬ್ಬರನ್ನು ಯಾಕೆ ಕೆಳಗೆ ತಳ್ಳಿತು? ಆಕ್ಸಿಜನ್ ಲೆಕ್ಕದಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ಅದು ಒತ್ತಡದ ಲೆಕ್ಕ.

ತಿದಿ ಮತ್ತು ಊದುವಿಕೆ

ಕಮ್ಮಾರರ ತಿದಿ ನೋಡಿದ್ದೀರಲ್ಲ. ತಿದಿಗೆ ಯಾರೂ ಗಾಳಿ ತುಂಬುವುದಿಲ್ಲ. ಎತ್ತಿದರೆ ಒಳಗಿನ ಜಾಗ ಹಿಗ್ಗುತ್ತದೆ, ಗಾಳಿ ತಾನೇ ನುಗ್ಗುತ್ತದೆ. ನಮ್ಮ ಎದೆಯೂ ಹೀಗೇ. ಎದೆ ಮತ್ತು ಹೊಟ್ಟೆಯ ನಡುವೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದಾಗ ಎದೆಗೂಡು ಹಿಗ್ಗುತ್ತದೆ, ಗಾಳಿ ಒಳಕ್ಕೆ ಬರುತ್ತದೆ. ಶ್ವಾಸಕೋಶದ ಸುತ್ತಲಿನ ಒತ್ತಡ ಯಾವಾಗಲೂ ಹೊರಗಿನ ಗಾಳಿಗಿಂತ ಸುಮಾರು 5 ಸೆಂ.ಮೀ. ನೀರಿನಷ್ಟು ಕಡಿಮೆ ಇರುತ್ತದೆ. ಉಸಿರು ಎಳೆದಾಗ 8ರಷ್ಟು ಕಡಿಮೆಯಾಗುತ್ತದೆ.

ಸೆಂ.ಮೀ. ನೀರು ಅಂದರೆ ಏನು ಅಂತೀರಾ? 10 ಸೆಂ.ಮೀ. ಆಳ ನೀರಿರುವ ಲೋಟಕ್ಕೆ ಸ್ಟ್ರಾ ಇಳಿಸಿ, ತಳದಿಂದ ಗುಳ್ಳೆ ಏಳುವ ಹಾಗೆ ಊದಿ. ಅಷ್ಟು ಬಲವೇ 10. ಇದು ಬರೀ ಹೋಲಿಕೆಯಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಕೊಡುವ ಬಬಲ್ ಸಿಪ್ಯಾಪ್‌ನಲ್ಲಿ ನಿಜವಾಗಿಯೂ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಐದಾರು ಸೆಂ.ಮೀ. ಮುಳುಗಿಸಿಡುತ್ತಾರೆ. ಆ ಗುಳ್ಳೆಯ ಸದ್ದು ಕೇಳುತ್ತಿರುವವರೆಗೂ ಒತ್ತಡ ಸರಿಯಾಗಿದೆ ಎಂದರ್ಥ.

ಎದೆಯ ಈ ಎಳೆತ ಗಾಳಿಯನ್ನಷ್ಟೇ ತರುವುದಿಲ್ಲ, ಕೈಕಾಲು ಹೊಟ್ಟೆಯಿಂದ ರಕ್ತವನ್ನೂ ಹೃದಯದ ಬಲಭಾಗಕ್ಕೆ ಎಳೆದುಕೊಳ್ಳುತ್ತದೆ. ಹೃದಯ ಕೂತಿರುವುದು ಅದೇ ಗೂಡಿನಲ್ಲಿ ತಾನೇ? ಗೂಡಿನ ಒತ್ತಡ ಏರುಪೇರಾದರೆ ಅದಕ್ಕೂ ತಟ್ಟುತ್ತದೆ.

ಬೈಪ್ಯಾಪ್, ಸಿಪ್ಯಾಪ್, ವೆಂಟಿಲೇಟರ್ ಮೂರೂ ಈ ಲೆಕ್ಕವನ್ನು ತಿರುಗುಮುರುಗು ಮಾಡುತ್ತವೆ. ಎಳೆಯುವ ಬದಲು ತಳ್ಳುತ್ತವೆ. ಸಿಪ್ಯಾಪ್ ಉಸಿರಿನ ಉದ್ದಕ್ಕೂ ಒಂದೇ ಸಮ ಒತ್ತಡ ಇಡುತ್ತದೆ. ಬೈಪ್ಯಾಪ್‌ನಲ್ಲಿ ಎರಡು ಅಂಕಿ. ಒಳಗೆ ಹೋಗುವಾಗ ಜಾಸ್ತಿ, ಬಿಡುವಾಗ ಕಡಿಮೆ. ವೆಂಟಿಲೇಟರ್ ಟ್ಯೂಬಿನ ಮೂಲಕ ಪೂರ್ತಿ ಉಸಿರನ್ನೇ ಕೊಡಬಲ್ಲದು. ಮುಚ್ಚಿಹೋದ ಗಾಳಿಚೀಲಗಳು ತೆರೆದುಕೊಳ್ಳುತ್ತವೆ, ದಣಿದ ಸ್ನಾಯುಗಳಿಗೆ ಬಿಡುವು ಸಿಗುತ್ತದೆ. ಲಾಭ ದೊಡ್ಡದು. ಆದರೆ ಎದೆಗೂಡಿನ ಒಳಗೆ ಇಷ್ಟು ದಿನ ಎಳೆತವಿದ್ದ ಕಡೆ ಈಗ ಒತ್ತು.

ಈ ಒತ್ತು ಎಷ್ಟು ದೊಡ್ಡದು? ನನ್ನನ್ನು ಬೆಚ್ಚಿಸಿದ ಲೆಕ್ಕ ಇದು. ಬಿಪಿ 120 ಎನ್ನುವುದು ಹೃದಯದಿಂದ ಹೊರಗೆ ಹೋಗುವ ರಕ್ತದ ಒತ್ತಡ. ವಾಪಸ್ ಬರುವ ರಕ್ತವನ್ನು ಹೃದಯದ ಕಡೆ ನೂಕುವ ಬಲ ಸುಮಾರು 7 ಮಿ.ಮೀ. ಪಾದರಸ, ಅಷ್ಟೇ. ನೀರಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 10 ಸೆಂ.ಮೀ. ಮಾಸ್ಕ್‌ನಲ್ಲಿ ಡಾಕ್ಟರು ಸಾಮಾನ್ಯವಾಗಿ ಇಡುವುದೂ 5ರಿಂದ 15! ಅಂದರೆ ರಕ್ತ ಒಳಗೆ ಬರುವ ಬಾಗಿಲಿಗೆ, ಅದನ್ನು ತಳ್ಳುವ ಬಲದಷ್ಟೇ ಇನ್ನೊಂದು ಕೈ ಅಡ್ಡ ಬಂದ ಹಾಗೆ. ಪುಣ್ಯಕ್ಕೆ ಮಾಸ್ಕ್‌ನ ಒತ್ತಡ ಪೂರ್ತಿಯಾಗಿ ಹೃದಯಕ್ಕೆ ತಟ್ಟುವುದಿಲ್ಲ. ಅರ್ಧವೋ ಅದಕ್ಕಿಂತ ಕಡಿಮೆಯೋ ತಟ್ಟುತ್ತದೆ. ಶ್ವಾಸಕೋಶ ಗಟ್ಟಿಯಾಗಿದ್ದರೆ ಇನ್ನೂ ಕಡಿಮೆ. ಜೊತೆಗೆ ಮೈಯೂ ಸುಮ್ಮನಿರುವುದಿಲ್ಲ, ರಕ್ತನಾಳ ಬಿಗಿ ಮಾಡಿ ಸರಿದೂಗಿಸುತ್ತದೆ. ಮೈಯಲ್ಲಿ ನೀರು ಸಾಕಷ್ಟಿದ್ದರೆ ಮಾತ್ರ ಅದು ಸಾಧ್ಯ.

ಇದು ಹೊಸ ತಿಳಿವಳಿಕೆಯೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಎತ್ತರದಲ್ಲಿ ಹಾರುವ ಪೈಲಟ್‌ಗಳಿಗೆ ಒತ್ತಡದ ಮಾಸ್ಕ್ ಬಂತು. ಆಗಲೇ ಹೃದಯದ ಪ್ರಶ್ನೆಯೂ ಬಂತು. ಆಂದ್ರೆ ಕೂರ್ನಾಂ ಎಂಬ ವೈದ್ಯರು ಮತ್ತು ಜೊತೆಗಾರರು 1948ರಲ್ಲಿ ಮನುಷ್ಯರ ಮೇಲೇ ಅಳೆದು ತೋರಿಸಿದರು. ಮಾಸ್ಕ್ ಒತ್ತಡ ಉಸಿರು ಬಿಡುವಾಗಲೂ ಇಳಿಯದಿದ್ದರೆ ಹೃದಯ ಪಂಪ್ ಮಾಡುವ ರಕ್ತ ಕಡಿಮೆಯಾಗುತ್ತದೆ. ಹೃದಯಕ್ಕೆ ಕ್ಯಾತಿಟರ್ ಎಂಬ ತೆಳು ಕೊಳವೆ ಇಳಿಸಿ ಅಧ್ಯಯನ ಮಾಡಿದ್ದಕ್ಕೆ 1956ರಲ್ಲಿ ನೊಬೆಲ್ ಹಂಚಿಕೊಂಡವರು ಇದೇ ಕೂರ್ನಾಂ.

ಅಜ್ಜಿಗೆ ಒಳ್ಳೆಯದಾಗಿದ್ದು ಯಾಕೆ?

ಅಜ್ಜಿಯ ತೊಂದರೆ ರಕ್ತ ಕಡಿಮೆ ಬರುವುದಲ್ಲ, ಜಾಸ್ತಿ ಬರುವುದು. ಸೋತ ಹೃದಯ ಮುಂದಕ್ಕೆ ಕಳಿಸಲಾರದೆ ಶ್ವಾಸಕೋಶದಲ್ಲಿ ನಿಲ್ಲಿಸಿಕೊಂಡಿತ್ತು. ಮಾಸ್ಕ್ ಒತ್ತಿದಾಗ ಬರುವ ರಕ್ತ ಸ್ವಲ್ಪ ತಗ್ಗಿತು. ಅವರಿಗೆ ಅದೇ ಬೇಕಿತ್ತು.

ಇನ್ನೊಂದು ಲಾಭ ಹೃದಯದ ಎಡಭಾಗಕ್ಕೆ. ನೆನೆದ ಕಂಬಳಿ ಒಬ್ಬರೇ ಹಿಂಡುವುದಕ್ಕೂ, ಇನ್ನೊಬ್ಬರು ಕೈ ಸೇರಿಸಿ ಹಿಂಡುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ. ಏದುಸಿರಿನಲ್ಲಿ ಎದೆ ಜೋರಾಗಿ ಎಳೆಯುವಾಗ ಹೃದಯದ ಗೋಡೆಯನ್ನೂ ಹೊರಕ್ಕೆ ಎಳೆಯುತ್ತದೆ. ಹೃದಯ ಆ ಎಳೆತಕ್ಕೆ ವಿರುದ್ಧವಾಗಿ ಹಿಂಡಬೇಕು. ಮಾಸ್ಕ್ ಬಂದಾಗ ಎಳೆತ ಹೋಯಿತು, ಹೊರಗಿನಿಂದ ಒಂದು ಒತ್ತಾಸೆ ಸಿಕ್ಕಿತು. ರಕ್ತ ಹೋಗಬೇಕಾದ ಕೈಕಾಲು, ಮಿದುಳು, ಮೂತ್ರಪಿಂಡ ಎಲ್ಲ ಎದೆಗೂಡಿನ ಹೊರಗಿವೆ, ಅಲ್ಲಿ ಈ ಒತ್ತು ಇಲ್ಲ. ಹಾಗಾಗಿ ರಕ್ತ ಹೊರಡುವುದು ಸಲೀಸು.

ಲಂಡನ್ನಿನ ಪೌಲ್ಟನ್ ಎಂಬ ವೈದ್ಯರು ಇಂಥ ರೋಗಿಗಳಿಗೆ ಒತ್ತಡದ ಮಾಸ್ಕ್ ಕೊಟ್ಟು ಬರೆದದ್ದು 1936ರಲ್ಲಿ. ಗಾಳಿ ಕೊಟ್ಟದ್ದು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಮೋಟರು! ಆದರೂ ಮಾಸ್ಕ್ ಎಲ್ಲವನ್ನೂ ಗೆಲ್ಲುತ್ತದೆ ಎಂದುಕೊಳ್ಳಬಾರದು. ಬ್ರಿಟನ್ನಿನಲ್ಲಿ ಇಂಥದೇ 1,069 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾಸ್ಕ್ ಹಾಕಿದವರ ಏದುಸಿರು ಬೇಗ ತಗ್ಗಿತು. ಏಳು ದಿನದ ಸಾವಿನ ಪ್ರಮಾಣ ಮಾತ್ರ ಹೆಚ್ಚುಕಮ್ಮಿ ಒಂದೇ: ಬರೀ ಆಕ್ಸಿಜನ್ ಪಡೆದವರಲ್ಲಿ ಶೇ. 9.8, ಮಾಸ್ಕ್ ಪಡೆದವರಲ್ಲಿ ಶೇ. 9.5. ಚಿಕ್ಕ ಚಿಕ್ಕ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಟ್ಯೂಬ್ ಹಾಕುವುದೂ ಸಾವೂ ತಗ್ಗುವುದು ಕಾಣುತ್ತದೆ. ನನಗಂತೂ ಅಜ್ಜಿ ಬೆಳಗ್ಗೆ ಎದ್ದು "ಕಾಫಿ ಕೊಡ್ತಾರಾ?" ಎಂದು ಕೇಳಿದ್ದೇ ಸಾಕಾಗಿತ್ತು.

ಚಿಕ್ಕಪ್ಪನ ಕತೆ ಬೇರೆ

ಚಿಕ್ಕಪ್ಪ ಬಂಗಾರಪೇಟೆ ಕಡೆಯವರು. ಕೆಜಿಎಫ್ ಗಣಿಯ ಕೆಳಗೆ ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೂ ಹೋಗುತ್ತಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕಲ್ಲು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ, ಗಾಯದ ಕಲೆಯಂತೆ ಗಟ್ಟಿ ಕಟ್ಟುತ್ತದೆ. ಕೆಲಸ ಬಿಟ್ಟ ಮೇಲೂ ಆ ಕಲೆ ಬೆಳೆಯಬಲ್ಲದು. ಗಣಿ ನಿಂತು ಎರಡು ದಶಕ ದಾಟಿದರೂ ಸಿಲಿಕೋಸಿಸ್ ನಿಲ್ಲದಿರುವುದು ಇದಕ್ಕೇ. ಈಗ ಕಲ್ಲುಕ್ವಾರಿ, ಕ್ರಷರ್‌ಗಳಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ದುಡಿಯುವ ಹುಡುಗರನ್ನು ನೋಡಿದಾಗ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಟವೆಲ್ ಆ ಸಣ್ಣ ದೂಳನ್ನು ತಡೆಯುವುದಿಲ್ಲ. ಇರಲಿ, ಅದು ಇನ್ನೊಂದು ಲೇಖನದ ಮಾತು.

ಕಲೆ ಕಟ್ಟಿದ ಶ್ವಾಸಕೋಶದಲ್ಲಿ ಸಣ್ಣ ರಕ್ತನಾಳಗಳು ಕಿರಿದಾಗಿರುತ್ತವೆ. ಅದರೊಳಗೆ ರಕ್ತ ತಳ್ಳಬೇಕಾದದ್ದು ಹೃದಯದ ಬಲಭಾಗ. ಅದು ತೆಳು ಗೋಡೆಯದು, ಕಡಿಮೆ ಒತ್ತಡಕ್ಕೆ ಹೊಂದಿಕೊಂಡದ್ದು. ವರ್ಷಗಟ್ಟಲೆ ಹೆಣಗಿ ಹೆಣಗಿ ದಣಿದಿರುತ್ತದೆ. ಈಗ ಮೆಷಿನ್ ಗಾಳಿಚೀಲಗಳನ್ನು ಜಾಸ್ತಿ ಉಬ್ಬಿಸಿತು ಅನ್ನಿ. ಚೀಲಗಳ ಸುತ್ತ ಹೆಣೆದುಕೊಂಡ ಕೂದಲೆಳೆಯಂಥ ರಕ್ತನಾಳಗಳು ಒತ್ತಿಹೋಗುತ್ತವೆ, ಟೊಮೆಟೊ ತೋಟದಲ್ಲಿ ಡ್ರಿಪ್ ಪೈಪಿನ ಮೇಲೆ ಯಾರೋ ಕಾಲಿಟ್ಟ ಹಾಗೆ. ಬಲಭಾಗಕ್ಕೆ ಹೊರೆ ಜಾಸ್ತಿ, ಎಡಭಾಗಕ್ಕೆ ರಕ್ತ ಕಮ್ಮಿ, ಬಿಪಿ ಕೆಳಕ್ಕೆ.

ಇನ್ನೊಂದು ಕಾರಣ ನಮ್ಮದೇ. ಆಸ್ಪತ್ರೆಗೆ ಬರುವ ಮುಂಚೆ ಮೂರು ದಿನ ಚಿಕ್ಕಪ್ಪನಿಗೆ ಜ್ವರ, ಕಫದ ಜೊತೆ ವಾಂತಿ ಭೇದಿ ಇತ್ತು. ಉಸಿರಾಟದ ಗಾಬರಿಯಲ್ಲಿ ಡಾಕ್ಟರಿಗೆ ಅದನ್ನು ಹೇಳಲೇ ಇಲ್ಲ. ಟ್ಯಾಂಕ್ ತುಂಬಿದ್ದರೆ ಪೈಪ್ ಸ್ವಲ್ಪ ಅದುಮಿದರೂ ನೀರು ಬರುತ್ತದೆ. ತಳ ಕಂಡ ಟ್ಯಾಂಕಾದರೆ ನಿಂತೇ ಹೋಗುತ್ತದೆ. ಬೋರ್‌ವೆಲ್ ಬತ್ತುವುದನ್ನು ಕಂಡ ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೆಂಗಿ, ರಕ್ತಸ್ರಾವ, ಸೋಂಕು ಏರಿ ಬಿಪಿ ಜಾರುತ್ತಿರುವವರು, ಇವರೆಲ್ಲರ ಪಾಡೂ ಅದೇ. ಟ್ಯೂಬ್ ಹಾಕಿ ವೆಂಟಿಲೇಟರ್ ಶುರು ಮಾಡಿದ ಮೊದಲ ನಿಮಿಷಗಳಲ್ಲಿ ಬಿಪಿ ಬೀಳುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೊಂದು. ನಿದ್ದೆಯ ಔಷಧಿ ರಕ್ತನಾಳಗಳ ಬಿಗಿ ಸಡಿಲಿಸುವುದು ಇನ್ನೊಂದು.

ಚಿಕ್ಕಪ್ಪನಿಗೆ ಎಚ್ಚರ ಬಂದ ಮೇಲೆ ಮಾಸ್ಕ್ ಸರಿಸಿ ಅಂದದ್ದು ಇಷ್ಟು: "ಕೆಳಗಡೆ ಇದ್ದಾಗ್ಲೂ ಫ್ಯಾನೇ ಗಾಳಿ ತಳ್ಳೋದು. ಮೇಲೆ ಬಂದು ಇಷ್ಟು ವರ್ಷ ಆದ್ಮೇಲೂ ಅದೇ ಆಯ್ತಲ್ಲಪ್ಪಾ." ಸಿಸ್ಟರ್ ಬೈದು ಮಾಸ್ಕ್ ವಾಪಸ್ ಹಾಕಿದರು.

ಶ್ವಾಸಕೋಶಕ್ಕೂ ಏಟು ಬೀಳುತ್ತದೆ

ಒತ್ತಿ ತುಂಬಿದ ಗಾಳಿ ಶ್ವಾಸಕೋಶವನ್ನೇ ಗಾಯ ಮಾಡಬಹುದು. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಎಆರ್‌ಡಿಎಸ್ ಎಂಬ ಸ್ಥಿತಿಯಲ್ಲಿ ಶ್ವಾಸಕೋಶದ ಬಹುಪಾಲು ನೀರು ತುಂಬಿ ಮುಚ್ಚಿಹೋಗಿರುತ್ತದೆ. ಗಾಳಿ ಆಡುವ ಜಾಗ ಒಂದು ಮಗುವಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆ. ಅದಕ್ಕೆ ದೊಡ್ಡವರ ಅಳತೆಯ ಉಸಿರು ತುಂಬಿದರೆ ಉಳಿದ ಚೂರೂ ಹಾಳು. ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗ 2000ದಲ್ಲಿ ಇದನ್ನು ಸಾಬೀತು ಮಾಡಿತು. ತೂಕದ ಕೆಜಿಗೆ 12 ಮಿ.ಲೀ. ಗಾಳಿ ಕೊಟ್ಟವರಲ್ಲಿ ಶೇ. 39.8 ಸಾವು, 6 ಮಿ.ಲೀ. ಕೊಟ್ಟವರಲ್ಲಿ ಶೇ. 31. ಹೊಸ ಔಷಧಿಯಿಲ್ಲ, ಹೊಸ ಮೆಷಿನ್ ಇಲ್ಲ. ಅಂಕಿಯೊಂದನ್ನು ಇಳಿಸಿದ್ದಷ್ಟೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ತೂಕ ತಕ್ಕಡಿಯದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಹೊಟ್ಟೆ ಬಂದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ! 150 ಸೆಂ.ಮೀ. ಎತ್ತರದ ಹೆಂಗಸಿಗೆ ಲೆಕ್ಕದ ತೂಕ ಸುಮಾರು 43 ಕೆಜಿ. 6ರಂತೆ ಒಂದು ಉಸಿರಿಗೆ 260 ಮಿ.ಲೀ. ಅವರು 70 ಕೆಜಿ ಇದ್ದಾರೆ ಎಂದು ಅದನ್ನೇ ಗುಣಿಸಿದರೆ 420 ಆಗುತ್ತದೆ. ಟೇಪ್ ಹಿಡಿದು ಎತ್ತರ ಅಳೆಯುವುದಕ್ಕೆ ಎರಡು ನಿಮಿಷ ಸಾಕು.

ಒಲೆಯ ಹೊಗೆಯಿಂದ, ಬೀಡಿಯಿಂದ ಬರುವ ಸಿಓಪಿಡಿ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ಸಮಸ್ಯೆ ಉಲ್ಟಾ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರಲು ತಡ ಮಾಡುತ್ತದೆ. ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ, ಸೌದೆ ಒಲೆಯ ಮುಂದೆ ಕಳೆದ ಮೂವತ್ತು ವರ್ಷ ಸಾಕು. ಇವರಿಗೆ ಬೈಪ್ಯಾಪ್ ದೊಡ್ಡ ವರ. 1995ರಲ್ಲಿ ಯೂರೋಪಿನ ಐಸಿಯುಗಳಲ್ಲಿ 85 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಟ್ಯೂಬ್ ಹಾಕಬೇಕಾದವರ ಪ್ರಮಾಣ ಶೇ. 74ರಿಂದ 26ಕ್ಕೆ, ಸಾವು ಶೇ. 29ರಿಂದ 9ಕ್ಕೆ ಇಳಿಯಿತು. ಆದರೆ ಗಾಳಿ ಹೊರಬರುವ ಮುಂಚೆ ಇನ್ನೊಂದು ಉಸಿರು ತಳ್ಳಿದರೆ ಎದೆಯೊಳಗೆ ಗಾಳಿ ಗುಡ್ಡೆ ಬಿದ್ದು ಹೃದಯವನ್ನು ಅದುಮುತ್ತದೆ. ಉಬ್ಬಿದ ಶ್ವಾಸಕೋಶ ಒಡೆದು ಗಾಳಿ ಸೋರುವ ಅಪಾಯವೂ ಇದೆ. ಸಿಲಿಕೋಸಿಸ್ ಇರುವವರಿಗೂ ಆ ಅಪಾಯ ಉಂಟು. ಮೆಷಿನ್ ಹಾಕಿದವರಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕ ನೋವು, ಆಕ್ಸಿಜನ್ ಕುಸಿತ, ಬಿಪಿ ಕುಸಿತ ಒಟ್ಟಿಗೆ ಬಂದರೆ ಡಾಕ್ಟರು ಮೊದಲು ಸ್ಟೆತಸ್ಕೋಪ್ ಹಿಡಿದು ಓಡಿಬರುವುದು ಇದಕ್ಕೇ.

ಮೆಷಿನ್ ಎಣಿಸಿದೆವು, ಕೈ ಎಣಿಸಲಿಲ್ಲ

2020ರವರೆಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ತಾಲ್ಲೂಕುಗಳಲ್ಲಿ ವೆಂಟಿಲೇಟರ್ ಅಂದರೆ ಬೆಂಗಳೂರು ಎಂದೇ ಅರ್ಥ. ಕೋವಿಡ್ ಅದನ್ನು ಬದಲಿಸಿತು. ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರ್‌ಗಳಿಗೆ ಹಣ ಬಂತು. ಅದರಲ್ಲಿ 30,000 ಮಾಡುವ ಗುತ್ತಿಗೆ ಸಿಕ್ಕಿದ್ದು ಬೆಂಗಳೂರಿನ ಬಿಇಎಲ್‌ಗೆ, ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯದು. ಹೆಮ್ಮೆಯ ವಿಷಯವೇ. ಆಮೇಲೆ ದೇಶದ ಎಷ್ಟೋ ಕಡೆ ಓಡಿಸುವ ಸಿಬ್ಬಂದಿ ಇಲ್ಲದೆ ಮೆಷಿನ್‌ಗಳು ಸುಮ್ನೆ ಕೂತ ಸುದ್ದಿಯೂ ಬಂತು. 2021ರ ಮೇ ತಿಂಗಳ ಚಾಮರಾಜನಗರದ ಆಕ್ಸಿಜನ್ ದುರಂತದ ನಂತರ ಜನರ ಮನಸ್ಸಿನಲ್ಲಿ ಆಕ್ಸಿಜನ್ ಎಂಬ ಒಂದೇ ಪದ ಉಳಿಯಿತು. ಒತ್ತಡದ ಮಾತು ಯಾರೂ ಆಡಲಿಲ್ಲ.

ಈಗಲೂ ಆಸ್ಪತ್ರೆ ಉದ್ಘಾಟನೆಯ ಭಾಷಣದಲ್ಲಿ ಬೆಡ್ ಎಷ್ಟು, ವೆಂಟಿಲೇಟರ್ ಎಷ್ಟು ಎಂದು ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಅದರ ಪಕ್ಕ ಯಾರಿರುತ್ತಾರೆ ಎಂದು ಹೇಳುವುದಿಲ್ಲ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಬೇಕು ಎಂಬುದು ವೈದ್ಯಲೋಕ ಒಪ್ಪಿದ ಮಾತು. ಬೈಪ್ಯಾಪ್ ಹಾಕಿದ ಮೊದಲ ಒಂದೆರಡು ಗಂಟೆಯಂತೂ ಕಣ್ಣು ಕೀಳುವ ಹಾಗಿಲ್ಲ. ಅಷ್ಟರೊಳಗೆ ಉಸಿರಿನ ವೇಗ, ರಕ್ತದಲ್ಲಿನ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಪ್ರಮಾಣ ಸುಧಾರಿಸದಿದ್ದರೆ ದಾರಿ ಬದಲಿಸಬೇಕು. ಚಿಕ್ಕಪ್ಪ ಬದುಕಿದ್ದು ಮೆಷಿನ್ ಇದ್ದದ್ದರಿಂದಲ್ಲ, ಹತ್ತನೇ ನಿಮಿಷಕ್ಕೆ ಆ ಸಿಸ್ಟರ್ ಮಾನಿಟರ್ ನೋಡಿದ್ದರಿಂದ. ಕೊಪನ್‌ಹೇಗನ್‌ನಲ್ಲಿ 1952ರ ಪೋಲಿಯೊ ಹಾವಳಿಯಲ್ಲಿ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ಟ್ಯೂಬ್ ಹಾಕಿ ಗಾಳಿ ತಳ್ಳುವ ದಾರಿ ತೋರಿಸಿದಾಗ ಸಾಕಷ್ಟು ಮೆಷಿನ್ ಇರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಕೈಯಿಂದ ಬ್ಯಾಗ್ ಒತ್ತಿದರು. ಮೊದಲು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇದ್ದ ಸಾವು ಅರ್ಧಕ್ಕಿಂತ ಕೆಳಗೆ ಬಂತು. ಅಲ್ಲಿ ಮೆಷಿನ್ ಇರಲಿಲ್ಲ, ಪ್ರತಿ ಮಂಚದ ಪಕ್ಕ ಒಬ್ಬರು ಇದ್ದರು. ನಮ್ಮಲ್ಲಿ ಅದು ಉಲ್ಟಾ.

ಆಂಬುಲೆನ್ಸ್ ವಿಷಯ ಇನ್ನೂ ಕಷ್ಟ. ಮುಳಬಾಗಿಲಿನಿಂದಲೋ ಕೋಲಾರದಿಂದಲೋ ಬೆಂಗಳೂರಿಗೆ ಹೊರಟ ಗಾಡಿ ಹೊಸಕೋಟೆ ದಾಟಿ ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತದೆ. 1,500 ಲೀಟರಿನ ಸಣ್ಣ ಸಿಲಿಂಡರ್ ನಿಮಿಷಕ್ಕೆ 15 ಲೀಟರಿನಂತೆ 100 ನಿಮಿಷ ಬರುತ್ತದೆ. ಅದೂ ಪೂರ್ತಿ ತುಂಬಿದ್ದರೆ, ಎಲ್ಲೂ ಸೋರದಿದ್ದರೆ. ಅದಕ್ಕಿಂತ ದೊಡ್ಡ ತೊಡಕು ಒತ್ತಡದ್ದು. ಐಸಿಯುನಲ್ಲಿ ಬೈಪ್ಯಾಪ್ ಮೇಲಿದ್ದವರನ್ನು ಬರೀ ಆಕ್ಸಿಜನ್ ಮಾಸ್ಕ್ ಹಾಕಿ ಗಾಡಿ ಹತ್ತಿಸಿದರೆ ಒತ್ತಡದಿಂದ ತೆರೆದುಕೊಂಡಿದ್ದ ಗಾಳಿಚೀಲಗಳು ಮತ್ತೆ ಮುಚ್ಚಿಕೊಳ್ಳುತ್ತವೆ, ಹೃದಯಕ್ಕೆ ಸಿಕ್ಕಿದ್ದ ಒತ್ತಾಸೆಯೂ ಹೋಗುತ್ತದೆ. ಸಿಲಿಂಡರ್ ತುಂಬಿದೆ, ಬೆರಳಿನ ಮೀಟರ್ ಮಾತ್ರ ಇಳಿಯುತ್ತಿದೆ. ಮನೆಯವರಿಗೆ ಏನೂ ಅರ್ಥವಾಗುವುದಿಲ್ಲ.

ಮೂರನೆಯದು ಮನೆ. ಈಗ ಬೈಪ್ಯಾಪ್ ಬಾಡಿಗೆಗೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ನಿಜಕ್ಕೂ ಒಳ್ಳೆಯದು. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಅದನ್ನು ತೋರಿಸಿದರು. ರಾತ್ರಿಯಿಡೀ ಟೊಮೆಟೊ ಲೋಡ್ ಹೊತ್ತು ಹೋಗುವ ಡ್ರೈವರ್‌ಗಳಲ್ಲಿ ಎಷ್ಟು ಮಂದಿಗೆ ಇದು ಬೇಕಿದೆಯೋ, ಕೇಳುವವರೇ ಇಲ್ಲ. ಆದರೆ ಇದರಿಂದ ಹಾರ್ಟ್ ಅಟ್ಯಾಕ್ ತಪ್ಪುತ್ತದೆ ಎಂದು ಮಾರುವವರು ಹೇಳಿದರೆ ನಂಬಬೇಡಿ. 2,700ಕ್ಕೂ ಹೆಚ್ಚು ಜನರ ಮೇಲೆ ನಡೆದ 2016ರ ಪ್ರಯೋಗದಲ್ಲಿ ಅದು ಕಾಣಲಿಲ್ಲ. ಹಗಲಿನ ತೂಕಡಿಕೆಯೇನೋ ತಗ್ಗಿತು. ಇನ್ನೊಂದು ಬಗೆಯ ಸ್ವಯಂಚಾಲಿತ ಮೆಷಿನ್ ಅನ್ನು, ಹೃದಯದ ಪಂಪಿಂಗ್ ತೀರ ತಗ್ಗಿ ಮಿದುಳಿನ ಕಾರಣದಿಂದ ಉಸಿರು ನಿಲ್ಲುವವರ ಮೇಲೆ ಪರೀಕ್ಷಿಸಿದಾಗ, 2015ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಶಾಕ್ ಕೊಟ್ಟಿತು. ಮೆಷಿನ್ ಬಳಸಿದವರಲ್ಲೇ ಹೃದಯದ ತೊಂದರೆಯಿಂದಾದ ಸಾವು ಜಾಸ್ತಿ.

ಮನೆಯವರು ಮಾಡುವ ಕೆಲಸವೂ ಕಡಿಮೆಯೇನಲ್ಲ. ಮಾಸ್ಕ್ ಕಟ್ಟಿರುವಾಗ ಹೊಟ್ಟೆಗೂ ಗಾಳಿ ಹೋಗುತ್ತದೆ, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. "ಬೆಳಗ್ಗಿಂದ ಏನೂ ತಿಂದಿಲ್ಲ" ಎಂದು ಕದ್ದು ಮಾಸ್ಕ್ ಸರಿಸಿ ರಾಗಿ ಗಂಜಿ ಕುಡಿಸುವವರನ್ನು ನಾನೇ ನೋಡಿದ್ದೇನೆ. ಸಿಓಪಿಡಿ ಇರುವವರಿಗೆ ಬೆರಳಿನ ಮೀಟರ್ 98 ತೋರಿಸಲಿ ಎಂದು ಆಕ್ಸಿಜನ್ ತಿರುಗಿಸುವುದೂ ತಪ್ಪು. ಅವರಿಗೆ ಡಾಕ್ಟರು ಇಡುವ ಗುರಿ ಸಾಮಾನ್ಯವಾಗಿ 88ರಿಂದ 92. ಅದನ್ನು ಮೀರಿದರೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು.

ಡಿಸ್ಚಾರ್ಜ್ ದಿನ ಚಿಕ್ಕಪ್ಪನ ಚೀಟಿಯ ಮೇಲೆ ಡಾಕ್ಟರು ಬೈಪ್ಯಾಪ್‌ನ ಎರಡು ಅಂಕಿ ದೊಡ್ಡದಾಗಿ ಬರೆದರು: 10 ಮತ್ತು 5. ಕೆಳಗೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಬಲಭಾಗ ದಣಿದಿದೆ, ಮುಂದೆ ಯಾರೇ ಮಾಸ್ಕ್ ಹಾಕಿದರೂ ಇದಕ್ಕಿಂತ ಮೇಲೆ ಶುರು ಮಾಡುವುದು ಬೇಡ, ಮೊದಲು ಬಿಪಿ ನೋಡಿ ಎಂದು ಬರೆದಿದ್ದರು. ಅದರ ಫೋಟೋ ತೆಗೆದು ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ. ಚಿಕ್ಕಮ್ಮ ಅದರ ಜೆರಾಕ್ಸ್ ಮಾಡಿಸಿ ರೇಷನ್ ಕಾರ್ಡ್ ಜೊತೆ ಇಟ್ಟಿದ್ದಾರೆ.